ಜೇನುಮೇಣದ ಬತ್ತಿಗೆ ಮನೆಯಲ್ಲೇ ಅಚ್ಚು: ಸಲಹೆ ಬೇಕು

ಪ್ರಶ್ನೆ (ಶಿರಸಿ):
ನಮ್ಮ ತೋಟದ ತುಡುವೆ ಜೇನಿನ ಪೆಟ್ಟಿಗೆಗಳಲ್ಲಿದ್ದ ಹಳೆಯ ಎರಿಗಳನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿದಾಗ ಸುಮಾರು ಅರ್ಧ ಕಿಲೋ ಮೇಣ ಸಿಕ್ಕಿತು. ಅದನ್ನು ಒಣ ಬಿದಿರಿನ ಅಂಡೆಗೆ ಎರೆದೆ. ಮೇಣವು ಒಳಗೋಡೆಗೆ ಬಲವಾಗಿ ಅಂಟಿದ್ದರಿಂದ ಅಂಡೆಯನ್ನು ಸೀಳಬೇಕಾಯಿತು. ಬತ್ತಿಯ ಸುತ್ತ ಆಳವಾದ ಕುಳಿಯೂ ಬಿದ್ದಿತ್ತು. ಮತ್ತೆ ಮತ್ತೆ ಬಳಸಬಹುದಾದ ಅಚ್ಚನ್ನು ಮಾಡಿಕೊಳ್ಳುವುದು ಹೇಗೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ಕುಮಟಾ):
ಬಿದಿರನ್ನು ಬಿಡಬೇಡಿ, ಆದರೆ ಎರೆಯುವ ಮೊದಲೇ ಸೀಳಿಕೊಳ್ಳಿ. ಗಂಟಿಲ್ಲದ ನೇರವಾದ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನ ತೆಳು ಪೊರೆಯನ್ನು ಕೆರೆದು, ಒಂದೆರಡು ಗಂಟೆ ನೀರಿನಲ್ಲಿ ನೆನೆಸಿಡಿ. ನೀರು ಕುಡಿದ ಬಿದಿರಿಗೆ ಮೇಣ ಅಂಟುವುದಿಲ್ಲ. ನಂತರ ನೀರನ್ನು ಒರೆಸಿ, ಹೋಳುಗಳನ್ನು ಹುರಿಯಿಂದ ಬಿಗಿದು, ಬುಡಕ್ಕೂ ಸಂದುಗಳಿಗೂ ಹೊರಗಿನಿಂದ ಜೇಡಿಮಣ್ಣು ಮೆತ್ತಿ. ಬತ್ತಿಯ ತುದಿಯನ್ನು ಬಾಯಿಗೆ ಅಡ್ಡವಾಗಿಟ್ಟ ಕಡ್ಡಿಗೆ ಕಟ್ಟಿದರೆ ಅದು ನಡುವೆಯೇ ನಿಲ್ಲುತ್ತದೆ.

ಉತ್ತರ (ಕಾರವಾರ):
ಕುಳಿಗೆ ಕಾರಣ ಅಚ್ಚಲ್ಲ. ಮೇಣವು ಹೊರಗಿನಿಂದ ಗಟ್ಟಿಯಾಗುತ್ತ ಬಂದು, ಕೊನೆಗೆ ಆರುವ ನಡುಭಾಗ ಕುಗ್ಗಿದಾಗ ಅಲ್ಲಿ ತಗ್ಗು ಬೀಳುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು 70ರ ಆಸುಪಾಸಿನಲ್ಲಿ ಎರೆದು, ಸ್ವಲ್ಪ ಮೇಣ ಉಳಿಸಿಕೊಂಡು, ತಗ್ಗು ಕಂಡಾಗ ಎರಡನೆಯ ಸಲ ತುಂಬಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟೇ ಕರಗಿಸಿ, ನೇರ ಉರಿಯ ಮೇಲೆ ಖಂಡಿತ ಬೇಡ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಬೇಕು.

ಹೂವು, ಶಂಖದಂತಹ ಆಕಾರ ಬೇಕಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಡು ಹೋಳಿನ ಅಚ್ಚು ಮಾಡಬಹುದು. ಮೂಲ ವಸ್ತುವಿಗೂ, ಗಟ್ಟಿಯಾದ ಮೊದಲ ಹೋಳಿನ ಅಂಚಿಗೂ ಸಾಬೂನು ನೀರು ಹಚ್ಚದೆ ಎರಡನೆಯದನ್ನು ಸುರಿದರೆ ಎರಡೂ ಒಂದೇ ಕಲ್ಲಾಗಿಬಿಡುತ್ತವೆ. ಅಚ್ಚು ಅರ್ಧ ಗಂಟೆಯಲ್ಲಿ ಬಿಗಿದರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಪೂರ್ತಿ ಒಣಗಲು ದಿನಗಳೇ ಬೇಕು. ಬಳಸುವಾಗ ಇದನ್ನೂ ಬಿದಿರಿನಂತೆಯೇ ನೆನೆಸಬೇಕು. ಉಳಿದ ಪ್ಲಾಸ್ಟರ್ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ಅಚ್ಚಿಗೆ ಎಷ್ಟು ಮೇಣ ಬೇಕೆಂದು ಮೊದಲೇ ತಿಳಿಯಬಹುದೇ? ದೀಪದ ಹತ್ತಿಬತ್ತಿ ಸಾಕಾಗುವುದೇ?

ಉತ್ತರ (ಕುಮಟಾ):
ಅಚ್ಚಿಗೆ ನೀರು ತುಂಬಿ ಅಳೆಯಿರಿ. 100 ಮಿಲಿಲೀಟರ್ ನೀರು ಹಿಡಿದರೆ ಸುಮಾರು 96 ಗ್ರಾಂ ಮೇಣ ಸಾಕು. ಹೊಸೆದ ಹತ್ತಿಬತ್ತಿಗಿಂತ ಹೆಣೆದ ಹತ್ತಿಯ ದಾರ ಉತ್ತಮ. ಜೇನುಮೇಣ ಮಂದವಾದ್ದರಿಂದ ಪ್ಯಾರಾಫಿನ್‌ಗೆ ಬಳಸುವುದಕ್ಕಿಂತ ದಪ್ಪ ದಾರ ಬೇಕು, ಇಲ್ಲವಾದರೆ ಜ್ವಾಲೆ ತನ್ನದೇ ಗುಂಡಿಯಲ್ಲಿ ಮುಳುಗಿ ಆರುತ್ತದೆ. ಮೊದಲು ಒಂದನ್ನೇ ಎರೆದು, ಉರಿಸಿ ನೋಡಿ.