ಸಹಾಯ ಬೇಕು: ಒಂದೇ ಹಾಲ್, ಎರಡು ಲೆಕ್ಕ. ಯಾವುದನ್ನು ಹಿಡಿಯೋದು?

ಎಲ್ಲರಿಗೂ ನಮಸ್ಕಾರ. ಫೈರ್ ಇನ್‌ಸ್ಪೆಕ್ಷನ್ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಎನ್‌ಎಫ್‌ಪಿಎ 101 (ಬೆಂಕಿ ಬಿದ್ದಾಗ ಕಟ್ಟಡದಲ್ಲಿರೋ ಜನರ ಸುರಕ್ಷತೆಗಾಗಿ ಇರೋ ಅಮೆರಿಕದ ನಿಯಮ ಪುಸ್ತಕ) ಓದ್ತಾ ಇದ್ದೀನಿ. ಜನರ ಸಂಖ್ಯೆಯ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.

ಅಭ್ಯಾಸಕ್ಕೆ ಕೊಟ್ಟ ಹಾಲ್‌ನ ನಿವ್ವಳ ಜಾಗ 140 ಚದರ ಮೀಟರ್. ಟೇಬಲ್ ಹಾಕಿದರೆ ತಲೆಗೆ 1.4 ಚದರ ಮೀಟರ್, ಅಂದ್ರೆ 100 ಜನ. ಬರೀ ಕುರ್ಚಿ ಒತ್ತಾಗಿ ಹಾಕಿದರೆ 0.65, ಆಗ 215. ಮಾಲೀಕರು 'ನಾವು ಟೇಬಲ್ ಮಾತ್ರ ಹಾಕೋದು' ಅಂತಾರೆ. ಆದರೆ ನಾನು ಹೋದಾಗ ಹಿಂದಿನ ಬಾಗಿಲಿಗೆ ಅಡ್ಡವಾಗಿ ಕುರ್ಚಿಗಳನ್ನು ಎದೆಮಟ್ಟ ಪೇರಿಸಿಟ್ಟಿದ್ದರು! ಅಷ್ಟು ಕುರ್ಚಿ ಸುಮ್ಮನೆ ಯಾರಿಟ್ಟುಕೊಳ್ತಾರೆ? ಅದನ್ನು ನೋಡಿದ ಮೇಲೆ ಅವರ ಮಾತು ನಂಬೋಕೆ ಮನಸ್ಸು ಒಪ್ತಿಲ್ಲ. ಹೊಗೆ ತುಂಬಿದಾಗ ಜನ ಆ ಬಾಗಿಲಿಗೇ ಓಡಿ ಬರೋದು.

ಲೆಕ್ಕ ಮೂರು ಸಲ ಮಾಡಿದೆ, ಪುಸ್ತಕ ಮತ್ತೆ ಓದಿದೆ. ತಲೆಗೆ 5 ಮಿಲಿಮೀಟರ್‌ನಂತೆ 215 ಜನಕ್ಕೆ ಬಾಗಿಲಗಲ 1,075 ಬೇಕು ಅನ್ನೋವರೆಗೆ ಗೊತ್ತಾಯ್ತು. ಮುಂದಕ್ಕೆ ಹೋಗ್ತಿಲ್ಲ.

ಅನುಭವ ಇರೋರು ದಯವಿಟ್ಟು ಹೇಳಿ: ಎರಡು ಥರ ಬಳಸಬಹುದಾದ ಹಾಲ್‌ಗೆ ಬಾಗಿಲ ಲೆಕ್ಕವನ್ನು ದೊಡ್ಡ ಸಂಖ್ಯೆಗೇ ಮಾಡಬೇಕಾ, ಇಲ್ಲಾ ಮಾಲೀಕರು ಬರೆದುಕೊಟ್ಟರೆ 100ಕ್ಕೆ ಒಪ್ಪಬಹುದಾ? ಗೋಡೆಗೆ ಹಾಕೋ ಬೋರ್ಡ್‌ನಲ್ಲಿ ಒಂದೇ ಸಂಖ್ಯೆನಾ, ಎರಡೂನಾ?