√2ರ ಪ್ರೂಫ್ √4ಕ್ಕೆ ಎಲ್ಲಿ ಕೈಕೊಡುತ್ತೆ?

ಹತ್ತನೇಕ್ಲಾಸಿನಅಪ್ಪ:
ನಮಸ್ಕಾರ ಎಲ್ರಿಗೂ. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. √2 ಅಭಾಗಲಬ್ಧ ಅಂತ ಸಾಧಿಸೋದು ಅವಳಿಗೆ ಬಾಯಿಪಾಠ ಆಗಿದೆ, ನಿನ್ನೆ ರಾತ್ರಿ ಕೂತ್ಕೊಂಡು 2 ಇದ್ದ ಕಡೆಯೆಲ್ಲ 4 ಬರೆದು ತಂದು ತೋರಿಸಿದ್ಲು. √4 = ಎ/ಬಿ ಅನ್ಕೊಳ್ಳೋಣ, ಎ, ಬಿ ಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಎ² = 4ಬಿ², ಅಂದ್ರೆ 4 ಎ²ನ ಭಾಗಿಸುತ್ತೆ, ಹಾಗಾಗಿ ಎನೂ ಭಾಗಿಸುತ್ತೆ, ಎ = 4ಸಿ ಹಾಕಿದ್ರೆ ಬಿ² = 4ಸಿ², ಬಿನೂ ಭಾಗಿಸ್ತು, ವಿರೋಧ ಬಂತು. "ಅಪ್ಪಾ, ಹಂಗಾದ್ರೆ √4 ಕೂಡ ಅಭಾಗಲಬ್ಧ ಆಯ್ತಲ್ಲ" ಅಂತಾಳೆ. √4 ಅಂದ್ರೆ 2 ಅಂತ ಇಬ್ರಿಗೂ ಗೊತ್ತು, ಆದ್ರೆ ತಪ್ಪು ಯಾವ ಸಾಲಲ್ಲಿದೆ ಅಂತ ನಂಗೆ ತೋರಿಸಕ್ಕಾಗ್ಲಿಲ್ಲ.

ಪಿಯುಸಿಮೇಷ್ಟ್ರು:
ಎಷ್ಟು ಒಳ್ಳೆ ಪ್ರಶ್ನೆ ಸರ್, ಮಗಳಿಗೆ ಶಭಾಷ್ ಹೇಳಿ. "ಹಾಗಾಗಿ ಎನೂ ಭಾಗಿಸುತ್ತೆ" ಅನ್ನೋ ಸಾಲಲ್ಲೇ ಇದೆ ತಪ್ಪು. ಎ = 6 ಇಟ್ಟು ನೋಡಿ, 36ನ್ನ 4 ಭಾಗಿಸುತ್ತೆ, 6ನ್ನ ಭಾಗಿಸಲ್ಲ. 2 ಅವಿಭಾಜ್ಯ ಸಂಖ್ಯೆ ಆಗಿರೋದಕ್ಕೆ ಅಲ್ಲಿ ಆ ಸಾಲು ನಿಲ್ಲುತ್ತೆ. ಪುಸ್ತಕದಲ್ಲಿ ಈ ಪ್ರೂಫ್‌ಗೆ ಮುಂಚೆ ಇದನ್ನೇ ಹೇಳೋ ಪುಟ್ಟ ಪ್ರಮೇಯ ಇದೆ, ಮಕ್ಕಳು ಅದನ್ನ ಹಾರಿಸಿಬಿಡ್ತಾರೆ, ಪ್ರೂಫಿನ ಜೀವ ಇರೋದೇ ಅದ್ರಲ್ಲಿ.

ಶೂನ್ಯದಿಂದ:
ಮೇಷ್ಟ್ರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಅವಿಭಾಜ್ಯ ಆಗ್ಲೇಬೇಕು ಅಂತಿಲ್ಲ, 6 ಎ²ನ ಭಾಗಿಸಿದ್ರೆ 2ಊ 3ಊ ಎನ ಭಾಗಿಸ್ಬೇಕು, ಸೋ 6ಊ ಭಾಗಿಸುತ್ತೆ, √6ಕ್ಕೆ ಪ್ರೂಫ್ ಹಾಗೇ ನಡೆಯುತ್ತೆ. ಆದ್ರೆ 12 ನೋಡಿ, 36ನ್ನ ಭಾಗಿಸುತ್ತೆ, 6ನ್ನ ಭಾಗಿಸಲ್ಲ, ಸಾಲು ಮುರೀತು, ಆದ್ರೂ √12 = 2√3 ಅಭಾಗಲಬ್ಧವೇ! ಪ್ರೂಫ್ ಬಿದ್ದೋಯ್ತು ಅಂದ ಮಾತ್ರಕ್ಕೆ ಹೇಳಿಕೆ ಸುಳ್ಳಾಗಲ್ಲ.

ಹತ್ತನೇಕ್ಲಾಸಿನಅಪ್ಪ:
ಓ! ಹಾಗಾದ್ರೆ 2, 6, 12 ಎಲ್ಲಕ್ಕೂ ಒಂದೇ ಪ್ರೂಫ್ ಇದ್ಯಾ?

ಪಿಯುಸಿಮೇಷ್ಟ್ರು:
ಇದೆ ಸರ್, ನಂಗೆ ತುಂಬ ಇಷ್ಟದ್ದು, ಅವಿಭಾಜ್ಯದ ಮಾತೇ ಬರಲ್ಲ. √12 ಭಾಗಲಬ್ಧ ಅನ್ಕೊಳ್ಳಿ. ಬಿ × √12 ಪೂರ್ಣಾಂಕ ಆಗೋ ಹಾಗಿರೋ ಅತಿ ಚಿಕ್ಕ ಧನ ಪೂರ್ಣಾಂಕ ಬಿ ತಗೊಳ್ಳಿ. √12 ಇರೋದು 3 ಮತ್ತು 4ರ ಮಧ್ಯೆ, ಸೋ ಸಿ = ಬಿ(√12 − 3) ಕೂಡ ಪೂರ್ಣಾಂಕ, ಸೊನ್ನೆಗಿಂತ ದೊಡ್ಡದು, ಬಿಗಿಂತ ಚಿಕ್ಕದು. ಈಗ ಸಿ × √12 = 12ಬಿ − 3ಬಿ√12, ಅದೂ ಪೂರ್ಣಾಂಕ! ಬಿ ಅತಿ ಚಿಕ್ಕದು ಅಂದಿದ್ವಿ, ಅದಕ್ಕಿಂತ ಚಿಕ್ಕದು ಸಿಕ್ಕಿಬಿಡ್ತು. ಇದನ್ನೇ √4ಕ್ಕೆ ಮಾಡಿ, 2 ಕಳೀಬೇಕು, ಸಿ ಸೊನ್ನೆ ಆಗುತ್ತೆ, ವಿರೋಧ ಹುಟ್ಟೋದೇ ಇಲ್ಲ.

ಹತ್ತನೇಕ್ಲಾಸಿನಅಪ್ಪ:
ಅವಳಿಗೆ ಓದಿ ಹೇಳ್ದೆ, ಸಿ ಸೊನ್ನೆ ಆಗೋ ಜಾಗದಲ್ಲಿ "ಹೌದಲ್ವಾ" ಅಂತ ಕೂಗಿದ್ಲು. ಈಗ 2ರ ಘನಮೂಲಕ್ಕೆ ಇದನ್ನೇ ಹಾಕೋಕೆ ಹೋಗಿ ಸಿಕ್ಕಾಕೊಂಡಿದಾಳೆ, ಗುಣಿಸಿದ್ರೆ ಬಿ × ∛4 ಬರುತ್ತೆ, ಅದು ಪೂರ್ಣಾಂಕ ಅಂತ ಹೇಗೆ ಹೇಳೋದು ಅಂತಾಳೆ. ಉತ್ತರ ಬೇಡ್ವಂತೆ, ಒಂದು ಸುಳಿವು ಮಾತ್ರ ಕೊಡಿ ಮೇಷ್ಟ್ರೇ.

ಪಿಯುಸಿಮೇಷ್ಟ್ರು:
ಬಿ ಆರಿಸೋವಾಗ್ಲೇ ಎರಡು ಷರತ್ತು ಹಾಕ್ಲಿ.