ಬ್ಯಾರನ್ ದ್ವೀಪದ ಜ್ವಾಲಾಮುಖಿ ಸಿಡಿದದ್ದು ಭೂಕಂಪದಿಂದಲೇ?

ಮಂಜುನಾಥ: 2004ರ ಡಿಸೆಂಬರ್ 26ಕ್ಕೆ ಸುಮಾತ್ರ ಭೂಕಂಪ, ಸುನಾಮಿ. 2005ರ ಮೇ ತಿಂಗಳಲ್ಲಿ ಅಂಡಮಾನಿನ ಬ್ಯಾರನ್ ದ್ವೀಪ ಬೆಂಕಿ ಉಗುಳಿತು. ಭೂಕಂಪವೇ ಕಾರಣ ಅನ್ನೋಕೆ ಇನ್ನೇನು ಬೇಕು?

ಸುಜಾತಾ: ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಕಾರಣ ಆಗೋದಿಲ್ಲ ಸರ್. ಅದೇ ದ್ವೀಪ 1991ರಲ್ಲೂ ಸಿಡಿದಿತ್ತು, ಆಗ ಇಂಥ ಮಹಾಭೂಕಂಪ ಆಗಿರಲಿಲ್ಲ. ಅಲ್ಲಿ ಭಾರತದ ಭೂಫಲಕ, ಅಂದ್ರೆ ಭೂಮಿಯ ಹೊರಪದರದ ದೊಡ್ಡ ತುಂಡು, ಬರ್ಮಾ ಫಲಕದ ಅಡಿಗೆ ನುಗ್ಗುತ್ತಿದೆ. ಸಮುದ್ರತಳದ ಖನಿಜಗಳಲ್ಲಿ ಸೇರಿಕೊಂಡ ನೀರು ಸುಮಾರು ನೂರು ಕಿ.ಮೀ. ಆಳದಲ್ಲಿ ಹೊರಬಿದ್ದು ಮೇಲಿನ ಬಿಸಿ ಕಲ್ಲಿಗೆ ಸೇರುತ್ತೆ. ಆಗ ಕಲ್ಲು ಕರಗುವ ತಾಪಮಾನವೇ ಇಳಿಯುತ್ತೆ. ಮ್ಯಾಗ್ಮಾ, ಅಂದ್ರೆ ನೆಲದಡಿಯ ಕರಗಿದ ಕಲ್ಲು, ಹುಟ್ಟೋದು ಹಾಗೆ.

ಬಸವರಾಜ, ವಿಜಯಪುರ: ನೀರಿಂದ ಕಲ್ಲು ಕರಗತೈತಿ ಅಂದ್ರ ನಂಬೂದು ಕಷ್ಟ ಅಕ್ಕಾರ. ಭೂಮಿ ಒಳಗ ಪೂರಾ ಲಾವಾನ ಐತಿ, ಬಿರುಕು ಬಿಟ್ರ ಮ್ಯಾಲ ಬರತೈತಿ. ನಾವು ಸಾಲ್ಯಾಗ ಕಲ್ತದ್ದು ಇದ.

ಸುಜಾತಾ: ಇಲ್ಲ ಅಣ್ಣಾ, ಭೂಮಿಯ ಹೊರಚಿಪ್ಪಿನ ಕೆಳಗಿರುವ ದಪ್ಪ ಪದರ, ಮ್ಯಾಂಟಲ್, ಬಹುಪಾಲು ಗಟ್ಟಿ ಕಲ್ಲು. ಭೂಕಂಪದ ಅಲೆಗಳಲ್ಲಿ ಒಂದು ಬಗೆಯಾದ ಎಸ್ ತರಂಗ ದ್ರವದೊಳಗೆ ಸಾಗೋದೇ ಇಲ್ಲ, ಮ್ಯಾಂಟಲ್‌ನಲ್ಲಿ ಸಾಗುತ್ತೆ. ನಿಮ್ಮ ಕಡೆಯ ಕರಿಕಲ್ಲಿನ ಕಥೆ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಳದ ಬಿಸಿ ಕಲ್ಲು ಮೇಲೇಳುತ್ತಾ, ಒತ್ತಡ ಇಳಿದು ಕರಗಿತು; ಅದು ಹೊರಗೆ ಹರಿದು ಆರಿದ್ದೇ ಈ ಕರಿಕಲ್ಲು.

ಬಸವರಾಜ, ವಿಜಯಪುರ: ಹಂಗಾರ ಆ ಕಲ್ಲು ಒಡದಾಗ ಒಳಗ ತೂತು ತೂತು ಯಾಕ? ಕೆಲವದ್ರಾಗ ಬಿಳಿ ಹರಳು ತುಂಬಿರತಾವ.

ಫರ್ಹಾನಾ: ಒಳ್ಳೇ ಪ್ರಶ್ನೆ ಕೇಳಿದ್ರಿ. ಅವು ಗ್ಯಾಸ್ ಗುಳ್ಳೆಗಳಿದ್ದ ಜಾಗ, ಹರಳು ಆಮೇಲೆ ಕಟ್ಟಿದ್ದು. ಮ್ಯಾಗ್ಮಾ ಇದ್ದ ಮಾತ್ರಕ್ಕೆ ಸ್ಫೋಟ ಆಗಲ್ಲ. ಮೇಲೇರಿದಂತೆ ಒತ್ತಡ ತಗ್ಗಿ, ಅದರಲ್ಲಿ ಕರಗಿದ್ದ ನೀರು, ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹಿಗ್ಗುತ್ತವೆ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯಂಥ ಕಡೆ ಲಾವಾ ತೆಳು, ಗ್ಯಾಸ್ ಸುಲಭವಾಗಿ ಪಾರಾಗುತ್ತೆ. ಸಿಲಿಕಾ (ಮರಳಲ್ಲಿರುವ ಖನಿಜ) ಹೆಚ್ಚಿದ್ದು ಮ್ಯಾಗ್ಮಾ ಅಂಟಂಟಾಗಿದ್ದರೆ ಗ್ಯಾಸ್ ಒಳಗೇ ಸಿಕ್ಕಿಕೊಂಡು ಬೆಟ್ಟವನ್ನೇ ಒಡೆಯುತ್ತೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೋದಲ್ಲಿ ಆದದ್ದು ಅದೇ.

ಮಂಜುನಾಥ: ಪಿನಾಟುಬೋ ಹೆಸರು ನೀವೇ ತೆಗೆದಿರಿ. ಸುಮಾರು 500 ವರ್ಷ ತಣ್ಣಗಿದ್ದ ಬೆಟ್ಟ ಅದು. 1990ರ ಜುಲೈನಲ್ಲಿ ಅಲ್ಲಿಂದ ನೂರು ಕಿ.ಮೀ. ಆಚೀಚೆ ದೊಡ್ಡ ಭೂಕಂಪ ಆಯ್ತು, ವರ್ಷ ತುಂಬೋದರೊಳಗೆ ಸಿಡೀತು. ಇದೂ ಕಾಕತಾಳೀಯವೇ?

ಸುಜಾತಾ: ಸಿಡಿಯೋಕೆ ಸಿದ್ಧವಾಗಿರುವ ಜ್ವಾಲಾಮುಖಿಯನ್ನು ಭೂಕಂಪ ಕೆಣಕಬಹುದು, ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಮ್ಯಾಗ್ಮಾ ತುಂಬದೇ ಇದ್ದರೆ ಎಷ್ಟು ನಡುಗಿದರೂ ಏನೂ ಆಗಲ್ಲ. 2004ರ ನಂತರ ಸುಮಾತ್ರದ ಬಹುತೇಕ ಜ್ವಾಲಾಮುಖಿಗಳು ಸುಮ್ಮನೇ ಇದ್ದವು.

ಮಂಜುನಾಥ: ಮ್ಯಾಗ್ಮಾ ಎಲ್ಲಿಂದ ಬಂತು ಅನ್ನೋದರಲ್ಲಿ ನನಗೆ ತಕರಾರಿಲ್ಲ ಮೇಡಂ. ಆ ಮೇ ತಿಂಗಳಲ್ಲೇ ಯಾಕೆ ಸಿಡೀತು ಅನ್ನೋದಕ್ಕೆ ಮಾತ್ರ ನೀವು ಇನ್ನೂ ಉತ್ತರ ಕೊಟ್ಟಿಲ್ಲ.